ನೀರುಗಂಟಿಯಿಲ್ಲದ ಕೆರೆ

ಮುಕ್ತ ತಂತ್ರಾಂಶದ ವಿಷಯದಲ್ಲಿ ಜನರಲ್ಲಿ ಎರಡು ಬಗೆಯ ನಂಬಿಕೆಗಳು ಬೇರೂರಿವೆ. ತನ್ನ ಒಳಗುಟ್ಟನ್ನೆಲ್ಲ ಊರಿಗೆ ತೆರೆದಿಟ್ಟಿರುವ ವಸ್ತುವು ಸುಭದ್ರವಾಗಿರುವುದೆಂತು ಎಂದು ಕೆಲವರು ಕೇಳುತ್ತಾರೆ. ಸಾವಿರಾರು ಕಣ್ಣುಗಳು ನೋಡುತ್ತಿರುವಾಗ ಅದರಲ್ಲಿ ದೋಷವು ಉಳಿಯುವುದೆಂತು ಎಂದು ಮತ್ತೆ ಕೆಲವರು ಕೇಳುತ್ತಾರೆ. ಎರಡೂ ಅರ್ಧ ಸತ್ಯಗಳೆಂದು ನಮಗೆ ತೋರುತ್ತದೆ. ಎರಡನೆಯದು ಕೇಳುವುದಕ್ಕೆ ಹಿತವಾಗಿರುವುದರಿಂದ ಹೆಚ್ಚು ಅಪಾಯಕರವಾದುದು.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇಜಿನ ಮೇಲಿನ ಗಣಕಯಂತ್ರವು ಒಬ್ಬನಿಗಾಗಿ ದುಡಿಯುತ್ತದೆ. ಸರ್ವರ್ ಎಂಬುದಾದರೋ ಎಲ್ಲೋ ಒಂದು ತಂಪಾದ ಕೋಣೆಯಲ್ಲಿ ಹಗಲಿರುಳೂ ಎಚ್ಚರವಾಗಿದ್ದು ಸಾವಿರಾರು ಜನರ ಕೋರಿಕೆಗಳಿಗೆ ಉತ್ತರ ಕೊಡುತ್ತದೆ. ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯಗಳ ಲೆಕ್ಕಪತ್ರಗಳು ಇಂದು ಇಂಥ ಯಂತ್ರಗಳ ಹೊಟ್ಟೆಯಲ್ಲಿವೆ. ಇವುಗಳಲ್ಲಿ ಬಹಳಷ್ಟನ್ನು ನಡೆಸುತ್ತಿರುವುದು ಲಿನಕ್ಸ್ ಮತ್ತು ಅದರ ಬಳಗದ ತಂತ್ರಾಂಶಗಳು. ಇವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಭಾರತ ಸರ್ಕಾರವೂ ೨೦೧೫ರಲ್ಲಿ ಹೊರಡಿಸಿದ ನೀತಿಯಲ್ಲಿ ತನ್ನ ಕಾರ್ಯಗಳಿಗೆ ಮುಕ್ತ ತಂತ್ರಾಂಶವನ್ನು ಆದ್ಯತೆಯಿಂದ ಪರಿಗಣಿಸಬೇಕೆಂದು ಹೇಳಿತು. ಇದನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ನಮ್ಮ ತಕರಾರು ಬೇರೆ ಕಡೆಗಿದೆ.

ನಮ್ಮ ಸೀಮೆಯ ಕೆರೆಯನ್ನು ವಾಚಕರು ನೆನೆಯಲಿ. ಅದು ಊರಿಗೆಲ್ಲ ಸೇರಿದ್ದು. ಏರಿಯ ಮೇಲೆ ಯಾರು ಬೇಕಾದರೂ ನಡೆಯಬಹುದು, ಬಿರುಕನ್ನು ಯಾರು ಬೇಕಾದರೂ ಕಾಣಬಹುದು. ಆದರೂ ಹಿಂದಿನವರು ನೀರುಗಂಟಿಯೊಬ್ಬನನ್ನು ನೇಮಿಸಿ, ಸುಗ್ಗಿಯಲ್ಲಿ ಅವನ ಪಾಲಿನ ಕಾಳನ್ನು ಅಳೆದುಕೊಡುತ್ತಿದ್ದರು. ತೂಬನ್ನು ತೆರೆಯುವುದು, ಮುಚ್ಚುವುದು, ಮಳೆಗಾಲದ ರಾತ್ರಿಯಲ್ಲಿ ಏರಿಯನ್ನು ಸುತ್ತಿ ನೋಡುವುದು ಅವನ ಹೊಣೆ. ಎಲ್ಲರೂ ನೋಡಬಹುದಾದುದನ್ನು ಯಾರೂ ನೋಡದೆ ಹೋಗುವುದುಂಟೆಂದು ಅವರಿಗೆ ತಿಳಿದಿತ್ತು.

ಅಂತರಜಾಲದಲ್ಲಿ ಓಡಾಡುವ ಗುಟ್ಟಿನ ಮಾತುಗಳಿಗೆ ಬೀಗ ಹಾಕುವ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವೊಂದಿದೆ. ಒಂದು ಯಂತ್ರವು ಇನ್ನೊಂದನ್ನು, ‘ಎಚ್ಚರವಾಗಿದ್ದೀಯಾ? ಹಾಗಿದ್ದರೆ ಇಷ್ಟು ಅಕ್ಷರಗಳ ಈ ಪದವನ್ನು ತಿರುಗಿ ಹೇಳು’ ಎಂದು ಕೇಳುವ ಪದ್ಧತಿ ಅದರಲ್ಲಿದೆ. ಪದವು ಚಿಕ್ಕದಾಗಿದ್ದು ಅಕ್ಷರಗಳ ಸಂಖ್ಯೆಯನ್ನು ಮಾತ್ರ ದೊಡ್ಡದಾಗಿ ಹೇಳಿದರೆ, ಸರ್ವರ್ ಎಣಿಸಿ ನೋಡದೆ ತನ್ನ ನೆನಪಿನ ಪಕ್ಕದ ಕೋಣೆಗಳಲ್ಲಿದ್ದುದನ್ನೂ ಒಮ್ಮೆಗೆ ೬೪ ಕಿಲೋಬೈಟುಗಳವರೆಗೆ ಒಪ್ಪಿಸಿಬಿಡುತ್ತಿತ್ತು. ೨೦೧೨ರ ಮಾರ್ಚ್ ತಿಂಗಳಲ್ಲಿ ಲೋಕದ ಕೈಸೇರಿದ ಈ ದೋಷವು ‘ಹಾರ್ಟ್‌ಬ್ಲೀಡ್’ ಎಂಬ ಹೆಸರಿನಲ್ಲಿ ಬಯಲಾದದ್ದು ೨೦೧೪ರ ಏಪ್ರಿಲ್ ೭ರಂದು. ಎರಡು ವರ್ಷ ಬರಹವು ತೆರೆದೇ ಇತ್ತು! ಆ ತಂತ್ರಾಂಶಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವನು ಆಗ ಒಬ್ಬನೇ. ಬರುತ್ತಿದ್ದ ವಂತಿಗೆ ವರ್ಷಕ್ಕೆ ಸುಮಾರು ೨,೦೦೦ ಡಾಲರು.

ಹತ್ತು ವರ್ಷಗಳ ತರುವಾಯ ನಡೆದುದು ಇದಕ್ಕಿಂತ ವಿಚಿತ್ರವಾದುದು. ಕಡತಗಳನ್ನು ಹಿಸುಕಿ ಚಿಕ್ಕದಾಗಿಸುವ ಎಕ್ಸ್‌ಝಡ್ ಎಂಬ ಉಪಕರಣವನ್ನು ಲಾಸ್ಸೆ ಕಾಲಿನ್ ಎಂಬವರು ಸಂಬಳವಿಲ್ಲದೆ, ಹವ್ಯಾಸವಾಗಿ ನೋಡಿಕೊಳ್ಳುತ್ತಿದ್ದರು. ಜಿಯಾ ಟಾನ್ ಎಂಬ ಹೆಸರಿಟ್ಟುಕೊಂಡ ಯಾರೋ ಒಬ್ಬರು ಎರಡು ವರ್ಷಕ್ಕೂ ಮೀರಿ ಅದಕ್ಕೆ ಸಹಾಯ ಮಾಡುತ್ತ ಬಂದು, ವಿಶ್ವಾಸ ಗಳಿಸಿ, ಕೊನೆಗೆ ೨೦೨೪ರ ಆರಂಭದಲ್ಲಿ ಹೊರಬಂದ ಎರಡು ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಕೂಡಿಸಿದರು. ದೂರದಿಂದ ಸರ್ವರನ್ನು ಪ್ರವೇಶಿಸುವ ದ್ವಾರವೇ ಅದರ ಗುರಿ. ಆಂದ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರರು ಬೇರೇನನ್ನೋ ಅಳೆಯುತ್ತಿದ್ದಾಗ, ಆ ದ್ವಾರವು ತೆರೆಯಲು ಅರ್ಧ ಸೆಕೆಂಡು ಹೆಚ್ಚಾಗಿ ತೆಗೆದುಕೊಳ್ಳುತ್ತಿರುವುದನ್ನು ಕಂಡು, ಬಿಡದೆ ಹುಡುಕಿ, ಮಾರ್ಚ್ ೨೯ರಂದು ಅದನ್ನು ಪ್ರಕಟಿಸಿದರು. ಡೆಬಿಯನ್, ಫೆಡೋರಾ ಮುಂತಾದವುಗಳ ಪರೀಕ್ಷಾ ಆವೃತ್ತಿಗಳನ್ನು ಅದು ಆಗಲೇ ಸೇರಿತ್ತು. ಕಚೇರಿಗಳ ಸರ್ವರುಗಳಲ್ಲಿ ನಡೆಯುವ ಸ್ಥಿರ ಆವೃತ್ತಿಗಳನ್ನು ಇನ್ನೂ ಮುಟ್ಟಿರಲಿಲ್ಲ. ಮೂಲ ಬರಹವು ತೆರೆದಿದ್ದುದರಿಂದಲೇ ಫ್ರಾಯಂಡರು ಅದರ ಬೆನ್ನುಹತ್ತಲು ಸಾಧ್ಯವಾಯಿತೆಂಬುದು ದಿಟ. ಆದರೆ ಅರ್ಧ ಸೆಕೆಂಡಿಗೂ ಲೆಕ್ಕ ಕೇಳುವ ಮನುಷ್ಯನೊಬ್ಬನು ಅಲ್ಲಿದ್ದನೆಂಬುದನ್ನು ಮರೆಯಬಾರದು.

ಇದು ರಚಿಸುವವರ ಕಡೆಯ ಮಾತಾಯಿತು. ತಂದು ನಡೆಸುವವರ ಕಡೆ ನೋಡಿದರೆ ದೋಷವು ಇನ್ನೂ ಸರಳವಾದುದು. ಅಪಾಚೆ ಸ್ಟ್ರಟ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿದ್ದ ರಂಧ್ರಕ್ಕೆ ೨೦೧೭ರ ಮಾರ್ಚಿನಲ್ಲಿಯೇ ತೇಪೆ ಸಿದ್ಧವಾಗಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿತ್ತು. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯು ತನ್ನ ಒಂದು ಸರ್ವರಿಗೆ ಅದನ್ನು ಹಚ್ಚಲಿಲ್ಲ; ಮೇ ತಿಂಗಳಲ್ಲಿ ಕಳ್ಳರು ಅದೇ ರಂಧ್ರದಿಂದ ಒಳಹೊಕ್ಕು ಸುಮಾರು ೧೪.೭ ಕೋಟಿ ಜನರ ವಿವರಗಳನ್ನು ಒಯ್ದರು. ಸೆಂಟ್‌ಒಎಸ್ ೭ ಎಂಬ ಬಹುಜನಪ್ರಿಯ ಲಿನಕ್ಸಿಗೆ ೨೦೨೪ರ ಜೂನ್ ೩೦ರಂದು ತೇಪೆಗಳು ನಿಂತುಹೋದವು. ಯಂತ್ರವಾದರೋ ಮರುದಿನವೂ ಎಂದಿನಂತೆಯೇ ಓಡುತ್ತದೆ. ಆದುದರಿಂದಲೇ ಯಾರಿಗೂ ಅದರ ಯೋಚನೆ ಬರುವುದಿಲ್ಲ. ದಿನಚರಿಯ ಲಾಗುಗಳನ್ನು ೧೮೦ ದಿನ ಇಟ್ಟಿರಬೇಕೆಂದು ೨೦೨೨ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಆಜ್ಞಾಪಿಸಿತು. ಇಟ್ಟವರಲ್ಲಿ ಓದುವವರೆಷ್ಟು ಮಂದಿಯೋ!

ಸಂಗ್ರಹದ ಮಾತಿಗೆ ಬರೋಣ, ಏಕೆಂದರೆ ಅಜಾಗರೂಕತೆಯು ಪೂರ್ಣವಾಗಿ ಬೆತ್ತಲಾಗುವುದು ಅಲ್ಲಿಯೇ. ೨೦೧೭ರ ಜನವರಿ ೩೧ರ ರಾತ್ರಿ ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ದತ್ತಾಂಶದ ಎರಡು ಸರ್ವರುಗಳ ನಡುವೆ ಹೊಂದಾಣಿಕೆ ಕಡಿದಿತ್ತು. ಸರಿಪಡಿಸಲು ಕುಳಿತಿದ್ದ ಎಂಜಿನಿಯರನು ಎರಡನೆಯ ಸರ್ವರಿನ ಕಡತಗಳನ್ನು ಅಳಿಸಲು ಹೋಗಿ ಮೊದಲನೆಯದರಲ್ಲಿ ಆಜ್ಞೆ ಕೊಟ್ಟನು. ಒಂದೆರಡು ಸೆಕೆಂಡುಗಳಲ್ಲಿಯೇ ತಪ್ಪು ತಿಳಿದು ನಿಲ್ಲಿಸಿದರೂ, ಸುಮಾರು ೩೦೦ ಗಿಗಾಬೈಟುಗಳಲ್ಲಿ ಉಳಿದದ್ದು ೪.೫ ಮಾತ್ರ. ಆಗಲಿ, ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ, ಅದನ್ನು ಇಡಬೇಕಾಗಿದ್ದ ಉಗ್ರಾಣವೇ ಬರಿದಾಗಿತ್ತು. ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ತಂತ್ರಾಂಶದ ೯.೬ನೆಯ ಆವೃತ್ತಿ ನಡೆಯುತ್ತಿದ್ದಾಗ ಪ್ರತಿ ತೆಗೆಯುವ ಉಪಕರಣವು ೯.೨ನೆಯದಾಗಿದ್ದು, ದಿನದಿನವೂ ಸೋಲುತ್ತಿತ್ತು. ಸೋತೆನೆಂದು ಅದು ಬರೆದ ಇಮೇಲುಗಳನ್ನು, ಕಳುಹಿಸಿದವರ ಗುರುತು ಸರಿಯಿಲ್ಲವೆಂದು ಅಂಚೆಯ ಯಂತ್ರವೇ ತಿರಸ್ಕರಿಸುತ್ತಿತ್ತು. ಆರು ಗಂಟೆಗಳ ಮುಂಚೆ ಅದೇ ಎಂಜಿನಿಯರನು ಬೇರೊಂದು ಪ್ರಯೋಗಕ್ಕಾಗಿ ಕೈಯಾರೆ ತೆಗೆದಿಟ್ಟಿದ್ದ ಪ್ರತಿಯೊಂದು ಅದೃಷ್ಟವಶಾತ್ ಉಳಿದಿತ್ತು. ಅದನ್ನು ಹಿಂದಕ್ಕೆ ತರಲು ಸುಮಾರು ೧೮ ಗಂಟೆಗಳು ಹಿಡಿದವು. ನಡುವಣ ಆರು ಗಂಟೆಗಳ ಕೆಲಸ ಮತ್ತೆ ದೊರೆಯಲಿಲ್ಲ. ಇದನ್ನೆಲ್ಲ ಆ ಸಂಸ್ಥೆಯು ಮುಚ್ಚಿಡದೆ ಜಗತ್ತಿಗೆ ಬರೆದು ತಿಳಿಸಿತೆಂಬುದು ಮೆಚ್ಚತಕ್ಕ ಸಂಗತಿ.

ಆ ಎಂಜಿನಿಯರನನ್ನು ನಾವು ದೂರುವುದಿಲ್ಲ. ರಾತ್ರಿ ಬಳಲಿದವನ ಬೆರಳು ತಪ್ಪುವುದು ಸಹಜ. ಬ್ಯಾಕಪ್ಪಿನಿಂದ ದತ್ತಾಂಶವನ್ನು ತಿರುಗಿ ತರುವ ಪರೀಕ್ಷೆಯನ್ನು ಯಾರ ಹೊಣೆಗೂ ಒಪ್ಪಿಸಿರಲಿಲ್ಲವೆಂಬುದೇ ಅಲ್ಲಿನ ನಿಜವಾದ ಲೋಪ. ಎರಡು ಹಾರ್ಡ್ ಡಿಸ್ಕುಗಳಲ್ಲಿ ಒಂದೇ ದತ್ತಾಂಶವನ್ನು ಬರೆಯುವ ರೇಡ್ ವ್ಯವಸ್ಥೆಯಿದೆಯಲ್ಲ ಎಂದು ನಿಶ್ಚಿಂತರಾಗಿರುವವರೂ ಉಂಟು. ಡಿಸ್ಕು ಕೆಟ್ಟರೆ ಅದು ಕಾಪಾಡೀತು. ಅಳಿಸಿದರೆ ಎರಡರಲ್ಲಿಯೂ ಏಕಕಾಲಕ್ಕೆ ಅಳಿಸಿಹೋಗುತ್ತದೆ.

ಪರವಾನಗಿ ಶುಲ್ಕದಲ್ಲಿ ಉಳಿದ ಹಣವನ್ನು ನಮ್ಮ ಸಂಸ್ಥೆಗಳು ಲಾಭವೆಂದು ಬರೆದುಕೊಳ್ಳುತ್ತವೆ. ಅದು ನೀರುಗಂಟಿಯ ಪಾಲಿನ ಕಾಳು ಎಂದು ನಮ್ಮ ಅಭಿಪ್ರಾಯ. ಅದರಲ್ಲಿ ಒಂದು ಭಾಗವು ಸರ್ವರುಗಳನ್ನು ನೋಡಿಕೊಳ್ಳುವವರ ಸಂಬಳಕ್ಕೂ, ಒಂದು ಸಣ್ಣ ಭಾಗವು ದೂರದಲ್ಲಿ ಒಬ್ಬಂಟಿಯಾಗಿ ಆ ತಂತ್ರಾಂಶವನ್ನು ಕಾಯುತ್ತಿರುವವರಿಗೂ ಸಲ್ಲಬೇಕು. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬಿಡುವಾಗಿರುವ ಬೇರೊಂದು ಯಂತ್ರದ ಮೇಲೆ ಬಿಚ್ಚಿ ನೋಡುವ ದಿನವೊಂದನ್ನು ಗೊತ್ತುಮಾಡಬೇಕು. ಆ ದಿನ ಸಂಸ್ಥೆಯ ಮುಖ್ಯಾಧಿಕಾರಿಯೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಕೆಲಸವು ಎಷ್ಟು ಗಂಟೆಗೆ ಆರಂಭವಾಯಿತು, ಮೊದಲನೆಯ ದಾಖಲೆಯು ಸರಿಯಾಗಿ ತೆರೆದದ್ದು ಎಷ್ಟು ಗಂಟೆಗೆ ಎಂಬುದನ್ನು ತಮ್ಮ ಕೈಯಾರೆ ಪುಸ್ತಕದಲ್ಲಿ ಬರೆದುಕೊಳ್ಳಲಿ.