ಅಜ್ಜಿಯ ಗೊಜ್ಜು, ತಾತನ ಲಿನಕ್ಸ್

ಮಕ್ಕಳೇ, ಕಂಪ್ಯೂಟರಿನ ಎಲ್ಲ ಕೆಲಸಗಳ ಯಜಮಾನಿಕೆ ಆಪರೇಟಿಂಗ್ ಸಿಸ್ಟಮ್‌ನದು. ನಮ್ಮ ಮನೆಯಲ್ಲಿದ್ದುದು ವಿಂಡೋಸ್ 10. ಅದರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಮ್ಮ ಹಳೇ ಯಂತ್ರಕ್ಕೆ ಒಗ್ಗದು. ಗುಜರಿಗೆ ಹಾಕಲು ಮನಸ್ಸಾಗದೆ ಲಿನಕ್ಸ್ ಹಾಕಿದೆ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಶುರು ಮಾಡಿದ್ದು, ಉಚಿತ. ಮುದಿ ಯಂತ್ರ ಚುರುಕಾಯಿತು. (ಹಾಕಿದ ಮುದುಕನೂ!)

ಸಂಜೆ ಮೊಮ್ಮಗಳು ಅಜ್ಜಿಯ ಅಡುಗೆ ಫೈಲ್ ತೆರೆದು, “ತಾತಾ, ಇದೇನು?” ಎಂದಳು. ಕನ್ನಡವೇ ಇಲ್ಲ! ಕೊಂಬು, ಬಾಲ ಬಂದ ಇಂಗ್ಲಿಷ್ ಅಕ್ಷರಗಳು. ಎದೆ ಧಸಕ್ಕೆಂದಿತು. ಅಜ್ಜಿ ಹೋಗಿ ಆರು ವರ್ಷವಾಯಿತು.

ತಪ್ಪು ಲಿನಕ್ಸಿನದಲ್ಲ. ಅವಳು ಬರೆದದ್ದು ಹಳೇ ನುಡಿ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವಾಗಿ ಕಾಣದು. ಯುನಿಕೋಡ್ ಹಾಗಲ್ಲ: ‘ಕ’ ಅಕ್ಷರಕ್ಕೆ 3221 ಎಂಬ ಸಂಖ್ಯೆ, ಯಾವ ಕಂಪ್ಯೂಟರಿನಲ್ಲೂ ಅದೇ. ಯಜಮಾನ ಬದಲಾಗಲಿ, ಬರಹ ಉಳಿಯಬೇಕು ಎಂಬುದೀಗ ನನ್ನ ಹಟ.

ಯುನಿಕೋಡ್‌ಗೆ ಬದಲಿಸುವ ತಂತ್ರಾಂಶಕ್ಕೆ ಫೈಲ್ ಕೊಟ್ಟೆವು. ಕೆಲವು ಒತ್ತಕ್ಷರ ಕೆಟ್ಟವು. ಮೊಮ್ಮಗಳು ಕೂತು ತಿದ್ದಿದಳು. ಹಾಗಲಕಾಯಿ ಗೊಜ್ಜಿನ ಕೆಳಗೆ ಅಜ್ಜಿ ಬರೆದಿದ್ದಳು: “ಬೆಲ್ಲ ಕಡಿಮೆ. ಇವರಿಗೆ ಹೇಳಬಾರದು.”