ಪ್ರವೇಶಪ್ರಬಂಧವೂ ಹಿರಿಯರ ಲೇಖನಿಯೂ

ಅಮೆರಿಕಾ ದೇಶದ ಕಾಲೇಜುಗಳಿಗೆ ಅರ್ಜಿ ಸಲ್ಲಿಸುವ ಮಕ್ಕಳು ಈಗ ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಅಲ್ಲಿನ ಬಹು ಕಾಲೇಜುಗಳಿಗೆ ಅಂಕಪಟ್ಟಿಯೊಂದೇ ಸಾಲದು; ವಿದ್ಯಾರ್ಥಿಯು ತನ್ನನ್ನು ಕುರಿತು ಒಂದು ಪ್ರಬಂಧವನ್ನೂ ಬರೆಯಬೇಕು. 1975ರಲ್ಲಿ 15 ಕಾಲೇಜುಗಳು ಕೂಡಿ ಆರಂಭಿಸಿದ ‘ಕಾಮನ್ ಅಪ್ಲಿಕೇಷನ್’ ಎಂಬ ಅರ್ಜಿಯನ್ನು ಇಂದು ಸಾವಿರಕ್ಕೂ ಹೆಚ್ಚು ಕಾಲೇಜುಗಳು ಅಂಗೀಕರಿಸುತ್ತವೆ. ಅದರ ಪ್ರಬಂಧವು 250 ಶಬ್ದಗಳಿಗೆ ಕಡಿಮೆಯಾಗಬಾರದು, 650ನ್ನು ಮೀರಬಾರದು. ಇಷ್ಟು ಚಿಕ್ಕ ಬರಹದಲ್ಲಿಯೂ ದೋಷಗಳು ನುಸುಳುವ ಬಗೆಯನ್ನು ಈ ಸಲ ವಿಚಾರಿಸೋಣ.

ಮೊದಲನೆಯದು ಪುನರುಕ್ತಿ. ಆಟ, ಸಂಗೀತ ಮೊದಲಾದ 10 ಚಟುವಟಿಕೆಗಳನ್ನು ಹೇಳಿಕೊಳ್ಳಲು ಆ ಅರ್ಜಿಯಲ್ಲಿ ಬೇರೆಯೇ ಸ್ಥಳವುಂಟು. ಅವನ್ನೇ ಪ್ರಬಂಧದಲ್ಲಿ ಮರಳಿ ಹೇಳುವುದು ಎಲೆಗೆ ಅದೇ ಪಲ್ಯವನ್ನು ಎರಡು ಸಲ ಬಡಿಸಿದಂತೆ.

ಎರಡನೆಯದು ಅತಿವ್ಯಾಪ್ತಿ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಹಸುವಾಗುವುದೆಂದು ತಾರ್ಕಿಕರು ಎಚ್ಚರಿಸುವರು. “ಪರಿಶ್ರಮದಿಂದ ಯಶಸ್ಸು” ಎಂಬ ಮಾತೂ ಅಂತಹುದೇ. ಅದನ್ನು ಯಾರು ಬೇಕಾದರೂ ಬರೆಯಬಲ್ಲರು. ಬರೆದವರಾರೆಂಬುದು ಅದರಿಂದ ತಿಳಿಯದು.

ಮೂರನೆಯದು ಅನವಧಾನ. ತಮ್ಮಲ್ಲಿಗೇ ಏಕೆ ಬರುವಿರೆಂದು ಕೆಲವು ಕಾಲೇಜುಗಳು ಪ್ರತ್ಯೇಕವಾಗಿ ಕೇಳುವುದುಂಟು. ಒಂದಕ್ಕೆ ಬರೆದುದನ್ನೇ ಇನ್ನೊಂದಕ್ಕೆ ಕಳುಹಿಸಿ, ಹಳೆಯ ಕಾಲೇಜಿನ ಹೆಸರನ್ನು ಹಾಗೆಯೇ ಉಳಿಸುವವರಿದ್ದಾರೆ.

ನಾಲ್ಕನೆಯ ದೋಷವು ಮಕ್ಕಳದ್ದಲ್ಲ, ನಮ್ಮದು. ಕಳೆದ ವರ್ಷ ನಮ್ಮ ತಮ್ಮನ ಮಗಳು ತನ್ನ ಪ್ರಬಂಧವನ್ನು ತಿದ್ದಲು ನಮಗೆ ಕೊಟ್ಟಳು. ಕಣ್ಣು ಮಂಜಾದ ಅಜ್ಜಿಗೆ, ಎಂದರೆ ನಮ್ಮ ತಾಯಿಗೆ, ದಿನವೂ ಪತ್ರಿಕೆಯನ್ನು ಓದಿ ಹೇಳುತ್ತಿದ್ದುದೇ ಅದರ ವಿಷಯ. ಒಂದು ದಿನ ಬೇಸರದಿಂದ ನಿಧನವಾರ್ತೆಗಳನ್ನು ಅರ್ಧಕ್ಕೇ ಬಿಟ್ಟಳಂತೆ. ಬಿಟ್ಟುದರಲ್ಲಿ ಅಜ್ಜಿಯ ಬಾಲ್ಯದ ಗೆಳತಿಯ ಹೆಸರಿದ್ದಿತು. ಹದಿನೈದು ದಿನಗಳ ಮೇಲೆ ಅದು ಅಜ್ಜಿಗೆ ಬೇರೆಯವರಿಂದ ತಿಳಿಯಿತು. ಇದು ಹುಡುಗಿಗೆ ಕುಂದೆಂದು ಬಗೆದು ನಾವು ಆ ಭಾಗವನ್ನು ಹೊಡೆದುಹಾಕಿ, ಸೇವಾಭಾವವನ್ನು ಕುರಿತ ನಾಲ್ಕು ಗಂಭೀರ ವಾಕ್ಯಗಳನ್ನು ಸೇರಿಸಿದೆವು. ಅವಳು ಓದಿ, “ದೊಡ್ಡಪ್ಪಾ, ಭಾಷೆ ಬಹಳ ಚೆನ್ನಾಗಿದೆ. ಆದರೆ ಇದರಲ್ಲಿ ನಾನೆಲ್ಲಿದ್ದೇನೆ?” ಎಂದಳು. ನಮಗೆ ಉತ್ತರ ತೋಚಲಿಲ್ಲ. ಅವಳ ಸಾಲುಗಳು ಮರಳಿ ಬಂದುವು, ನಮ್ಮವು ಹೋದುವು.

ಇದು ಕೇವಲ ಅಭಿರುಚಿಯ ಮಾತೂ ಅಲ್ಲ. ಬರಹವು ತನ್ನದೇ ಎಂದು ವಿದ್ಯಾರ್ಥಿಯು ಆ ಅರ್ಜಿಯಲ್ಲಿ ದೃಢೀಕರಿಸಬೇಕು. ಕೃತಕ ಬುದ್ಧಿಮತ್ತೆಯ ಯಂತ್ರವು ರಚಿಸಿದುದನ್ನು ತನ್ನದೆಂದು ಸಲ್ಲಿಸುವುದನ್ನೂ ಆ ಸಂಸ್ಥೆಯು ವಂಚನೆಯೆಂದೇ ಎಣಿಸುತ್ತದೆ.

ಆದುದರಿಂದ ಹಿರಿಯರು ಅಕ್ಷರದೋಷಗಳನ್ನು ತೋರಿಸಲಿ, “ಆಮೇಲೇನಾಯಿತು? ಆಗ ನಿನಗೇನೆನಿಸಿತು?” ಎಂದು ಕೇಳಲಿ. ಲೇಖನಿಯು ಮಾತ್ರ ಮಗುವಿನ ಕೈಯಲ್ಲಿಯೇ ಇರತಕ್ಕದ್ದು. ದೂರದೇಶದಲ್ಲಿ ಒಂಟಿಯಾಗಿ ಬಾಳಬೇಕಾದವರು ತಮ್ಮ ಮಾತನ್ನು ತಾವೇ ಆಡುವುದನ್ನು ಮನೆಯಲ್ಲಿದ್ದಾಗಲೇ ಕಲಿಯುವುದು ಲೇಸಲ್ಲವೆ?