ಬಾಳೆಹಣ್ಣಿನ ಧಣಿಗೆ ಬಲಿಯಾದ ದೇಶ

ಗೆಳೆಯರೇ, ವಿದೇಶಾಂಗ ನೀತಿ ಎಂದರೆ ಕೋಟು ತೊಟ್ಟವರ ಕೈಕುಲುಕಾಟ ಎಂದುಕೊಂಡಿದ್ದೀರಾ? ಹಾಗಾದರೆ ಮಧ್ಯ ಅಮೆರಿಕದ ಪುಟ್ಟ ದೇಶ ಗ್ವಾಟೆಮಾಲಾದ ಕಥೆ ಕೇಳಿ.

ಅಲ್ಲಿನ ಅತಿ ದೊಡ್ಡ ಜಮೀನ್ದಾರ ಯಾರು? ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿ! ಬಾಳೆತೋಟ ಅದರದು, ರೈಲು-ಬಂದರಿನ ಹಿಡಿತವೂ ಅದರದೇ. ದೇವರಾಜ ಅರಸರು 1974ರಲ್ಲಿ ನಮ್ಮ ಗೇಣಿದಾರರಿಗೆ ಭೂಮಿ ಕೊಡಿಸಿದ್ದು ಗೊತ್ತಲ್ಲ? ಅದಕ್ಕೂ ಮೊದಲೇ, 1952ರಲ್ಲಿ, ಜನ ಆರಿಸಿದ ಅಧ್ಯಕ್ಷ ಹಾಕೊಬೊ ಅರ್ಬೆನ್ಸ್ ದೊಡ್ಡ ಧಣಿಗಳ ಪಾಳುಭೂಮಿಯನ್ನು ಬಡ ರೈತರಿಗೆ ಹಂಚುವ ಕಾನೂನು ತಂದರು. ಪುಕ್ಕಟೆ ಕಿತ್ತುಕೊಳ್ಳಲಿಲ್ಲ. ತೆರಿಗೆ ಲೆಕ್ಕಕ್ಕೆ ಕಂಪನಿಯೇ ಬರೆಸಿದ್ದ ಬೆಲೆಯಂತೆ ಸುಮಾರು 6.27 ಲಕ್ಷ ಡಾಲರ್ ಪರಿಹಾರ ಕೊಡುತ್ತೇವೆ ಎಂದರು.

ಆಗ ಹತ್ತಿತು ನೋಡಿ ಉರಿ! ತೆರಿಗೆ ಕಟ್ಟುವಾಗ ಕವಡೆ ಬೆಲೆಯ ನೆಲ, ಬಿಟ್ಟುಕೊಡುವಾಗ ಚಿನ್ನ! 1.58 ಕೋಟಿ ಡಾಲರ್ ಬೇಕಂತೆ. ಹಾಗೆ ಕೇಳಿದ್ದು ಕಂಪನಿಯ ಗುಮಾಸ್ತನಲ್ಲ, ಅಮೆರಿಕದ ವಿದೇಶಾಂಗ ಖಾತೆ!

ಆ ಖಾತೆಯ ಯಜಮಾನ ಜಾನ್ ಫಾಸ್ಟರ್ ಡಲೆಸ್. ಅವರು ಹಿಂದೆ ಇದ್ದ ವಕೀಲರ ಸಂಸ್ಥೆಗೆ ಇದೇ ಕಂಪನಿ ಕಕ್ಷಿದಾರ. ತಮ್ಮ ಅಲೆನ್ ಡಲೆಸ್ ಸಿಐಎ ಮುಖ್ಯಸ್ಥ. ಅಧ್ಯಕ್ಷ ಐಸೆನ್‌ಹೋವರರ ಆಪ್ತ ಕಾರ್ಯದರ್ಶಿಯ ಗಂಡ ಕಂಪನಿಯ ಪ್ರಚಾರಾಧಿಕಾರಿ. ಬೇಲಿ ಯಾವುದು, ಮೇಯುವ ದನ ಯಾವುದು?

1954ರ ಜೂನ್‌ನಲ್ಲಿ ಸಿಐಎ ಸಾಕಿದ ಪಡೆ ನುಗ್ಗಿತು. ಅರ್ಬೆನ್ಸ್ ಇಳಿದರು. ಭೂಮಿ ಮತ್ತೆ ಕಂಪನಿಯ ಪಾಲು!

ಕಮ್ಯುನಿಸ್ಟರ ಭಯ ಕಾರಣ, ಕಂಪನಿಯಲ್ಲ ಎನ್ನುವ ಪಂಡಿತರಿದ್ದಾರೆ. ಭಯವೂ ಇತ್ತು ಎನ್ನೋಣ. ಆದರೆ ಪತ್ರಿಕೆಗಳಲ್ಲಿ ಆ ಭಯ ಬಿತ್ತಿದವರಾರು? ಕಂಪನಿಯ ಸಂಬಳ ಉಂಡ ಪ್ರಚಾರ ನಿಪುಣ ಎಡ್ವರ್ಡ್ ಬರ್ನೇಸ್!

ಫಲ? 1960ರಿಂದ 1996ರವರೆಗೆ ಅಂತರ್ಯುದ್ಧ. ಸತ್ತವರು, ಕಾಣೆಯಾದವರು ಸುಮಾರು 2 ಲಕ್ಷ. ಗುರುತು ಸಿಕ್ಕ ಬಲಿಪಶುಗಳಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ, ತಮ್ಮದೇ ನೆಲ, ತಮ್ಮದೇ ನುಡಿಗಳಿದ್ದ ಮಣ್ಣಿನ ಮಕ್ಕಳು. ದಮನಕಾರಿ ಪಡೆಗಳನ್ನು ಬೆಂಬಲಿಸಿದ್ದು ತಪ್ಪು ಎಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಒಪ್ಪಿಕೊಂಡದ್ದು 1999ರಲ್ಲಿ. ಸತ್ತವರು ಎದ್ದು ಬಂದರೇ?

ಕನ್ನಡದ ಹುಡುಗರೇ, ತಕ್ಕಡಿ ಹಿಡಿದ ಕೈಗೆ ಕತ್ತಿಯೂ ಸಿಕ್ಕರೆ ಏನಾಗುತ್ತದೆಂದು ಕಿತ್ತೂರು 1824ರಲ್ಲೇ ಕಂಡಿದೆ. ನಮ್ಮ ಮಂತ್ರಿಗಳು ಹೊರದೇಶಕ್ಕೆ ಹಾರಿದಾಗ ಜೊತೆಗೆ ಹೋದ ಧಣಿಗಳು ಯಾರು? ರುಜು ಬಿದ್ದದ್ದು ಯಾರ ಲಾಭಕ್ಕೆ? ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆ ಕೈಯಲ್ಲಿದೆ. ಆ ಪ್ರದೇಶದ ಆಡಳಿತ ಭಾಷೆಯಲ್ಲೇ ಅರ್ಜಿ ಹಾಕಬಹುದೆಂದು ಅದರ 6ನೇ ಕಲಮು ಹೇಳುತ್ತದೆ. ಹಿಂಜರಿಕೆ ಏಕೆ? ದೆಹಲಿಗೂ ಕನ್ನಡದಲ್ಲೇ ಬರೆಯಿರಿ!